ಕೂಗದೆ ಜಾರಿದವಳು

ತಮ್ಮಯ್ಯ ಮೇಷ್ಟ್ರಿಗೆ ಎರಡು ಹುಚ್ಚು. ಒಂದು ಭೌತಶಾಸ್ತ್ರ, ಇನ್ನೊಂದು ಬೆಟ್ಟ. ನಡುವೆ ಸರ್ಕಾರದವರು ಕರೆದು ವಿಜ್ಞಾನ ಸಲಹಾ ಸಮಿತಿಯ ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸಿದರು. ಕೂತರು, ಆದರೆ ಬೆಟ್ಟ ಹತ್ತುವುದನ್ನು ಬಿಡಲಿಲ್ಲ.

ಆ ಸಲ ಹಿಮಾಲಯಕ್ಕೆ ಶಿಷ್ಯೆ ಭಾರ್ಗವಿಯನ್ನೂ ಕರೆದುಕೊಂಡು ಹೋದರು. ಹಿಮದ ಇಳಿಜಾರು ಶುರುವಾದಲ್ಲಿ ಇಬ್ಬರ ಸೊಂಟಕ್ಕೂ ಒಂದೇ ಹಗ್ಗ ಬಿಗಿದರು.

"ಕಾಲು ಜಾರಿದರೆ ಮೊದಲು ಕೂಗಬೇಕು. ಕೂಗು ಕೇಳಿದ ತಕ್ಷಣ ನಾನು ಐಸ್ ಆಕ್ಸ್ ಊರಿ ಹಿಡ್ಕೋತೀನಿ," ಎಂದು ಮೇಷ್ಟ್ರು ಕೈಯಲ್ಲಿದ್ದ ಚೂಪುಮೊನೆಯ ಹಿಮಗೊಡಲಿಯನ್ನು ತೋರಿಸಿದರು.

ಭಾರ್ಗವಿ ತಲೆಯಾಡಿಸಿದಳು. ಅವಳ ಮನಸ್ಸು ಅಲ್ಲಿರಲಿಲ್ಲ.

ಪಕ್ಕದ ಕಣಿವೆಯ ನೆತ್ತಿಯಲ್ಲಿ ಹಿಮ ಕರಗಿ ದೊಡ್ಡ ಕೆರೆಯಾಗಿತ್ತು. ಅದನ್ನು ತಡೆದು ನಿಂತದ್ದು ಕಲ್ಲುಮಣ್ಣಿನ ಒಂದು ದಂಡೆ. ಅದು ಗಟ್ಟಿಯಿದೆಯೇ ಎಂದು ಅಳೆದವಳು ಭಾರ್ಗವಿ. ಅವಳ ಲೆಕ್ಕದ ಮೇಲೆ, ಗಟ್ಟಿಯಿದೆ ಎಂದು ಮೇಷ್ಟ್ರ ಸಮಿತಿ ವರದಿ ಕೊಟ್ಟಿತ್ತು. ಅದನ್ನು ನಂಬಿ ಕೆಳಗೆ ಹೊಸ ಊರು ಎದ್ದಿತ್ತು. ನಾಳೆ ಜನ ಅಲ್ಲಿಗೆ ಒಕ್ಕಲು ಬರುವವರಿದ್ದರು.

ಆದರೆ ದಂಡೆಯ ನಡುವಿನ ಒಂದು ತುಂಡನ್ನು ಅವಳು ಅಳೆದೇ ಇರಲಿಲ್ಲ. ಆವತ್ತು ಮೇಲಿಂದ ಕಲ್ಲು ಉರುಳುತ್ತಿದ್ದವು, ಹೆದರಿ ವಾಪಸು ಬಂದಿದ್ದಳು. ಆಚೆಗಿನದು ಈಚೆಗಿನದು ಸೇರಿಸಿ ಸರಾಸರಿ ತೆಗೆದು ಖಾಲಿ ಜಾಗ ತುಂಬಿದ್ದಳು. ಪ್ರಯೋಗಶಾಲೆಯಲ್ಲಿ ಹಾಗೆ ಮಾಡುವವರು ಬೇಕಾದಷ್ಟು ಜನ. ಪ್ರಯೋಗಶಾಲೆಯ ಕೆಳಗೆ ಮಕ್ಕಳುಮರಿ ಮಲಗಿರುವುದಿಲ್ಲ, ಅಷ್ಟೇ.

ಅರ್ಧ ಹತ್ತಿದಾಗ ಮೇಷ್ಟ್ರು ನಿಂತರು. "ಕೆರೆ ನೋಡಮ್ಮ. ಎಷ್ಟು ನೀಲಿ!"

"ದಂಡೆ ಗಟ್ಟಿಯಿದೆ ಸರ್!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ನಾನು ಬಣ್ಣದ ಮಾತು ಹೇಳಿದೆ," ಎಂದರು ಮೇಷ್ಟ್ರು. ಅವಳನ್ನು ಒಂದು ಕ್ಷಣ ನೋಡಿ ಮುಂದೆ ನಡೆದರು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಭಾರ್ಗವಿಯ ಕಾಲು ಜಾರಿತು. ಅವಳು ಕೂಗಲಿಲ್ಲ. ಹೇಗೋ ಸಾವರಿಸಿಕೊಂಡೇನು ಎಂದು ಎರಡೂ ಕೈಯಿಂದ ಹಿಮವನ್ನು ತಬ್ಬಿದಳು. ಹಗ್ಗ ಜಗ್ಗಿತು. ಮೇಷ್ಟ್ರೂ ಬಿದ್ದರು. ಇಬ್ಬರೂ ಸರ್ರನೆ ಪ್ರಪಾತದ ಕಡೆಗೆ ಜಾರುತ್ತಿದ್ದಾಗ ಮೇಷ್ಟ್ರ ಐಸ್ ಆಕ್ಸ್ ಹಿಮವನ್ನು ಕಚ್ಚಿ ನಿಂತಿತು.

ಅವರ ಹಣೆ ಒಡೆದು ರಕ್ತ ಇಳಿಯುತ್ತಿತ್ತು.

"ಯಾಕಮ್ಮ ಕೂಗಲಿಲ್ಲ?"

"ನಾಚಿಕೆ ಆಯ್ತು ಸರ್. ನಾನೇ ನಿಭಾಯಿಸ್ತೀನಿ ಅಂದ್ಕೊಂಡೆ."

"ಯಾವಾಗಿಂದ ಜಾರ್ತಿದ್ದೀಯ?"

ಭಾರ್ಗವಿಗೆ ಅಳು ಉಕ್ಕಿ ಬಂತು. "ವರದಿ ಕೊಟ್ಟ ದಿನದಿಂದ."

ಅಳೆಯದೆ ಬಿಟ್ಟ ತುಂಡಿನ ಕಥೆಯನ್ನೆಲ್ಲ ಹೇಳಿದಳು. ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಚೀಲದಿಂದ ಉಪಗ್ರಹ ಫೋನು ತೆಗೆದು ಅವಳ ಕೈಗಿಟ್ಟರು.

"ದಿಲ್ಲಿಗೆ ಮಾಡು. ಸರ್ಕಾರದ ಕಾರ್ಯದರ್ಶಿಗೆ ನೀನೇ ಹೇಳು."

"ಆಮೇಲೆ ನನ್ನನ್ನ ಯಾರೂ ಹತ್ತಿರ ಸೇರಿಸಲ್ಲ ಸರ್."

"ಸೇರಿಸಲ್ಲ."

"ವರದಿ ಮೇಲಿರೋ ಸಹಿ ನಿಮ್ಮದು. ಇಷ್ಟು ವರ್ಷ ಕಟ್ಟಿದ ಹೆಸರು... ನನ್ನ ಜೊತೆ ನೀವೂ ಬೀಳ್ತೀರಿ."

ಮೇಷ್ಟ್ರು ಹಣೆಯ ರಕ್ತವನ್ನು ತೋಳಿನಿಂದ ಒರೆಸಿಕೊಂಡರು. ಐಸ್ ಆಕ್ಸನ್ನು ಇನ್ನೂ ಆಳಕ್ಕೆ ಊರಿ ಕೂತರು.

"ಹಿಡಿಯೋದೋ ಬೀಳೋದೋ, ಅದು ನನ್ನ ಪಾಡು ಕಣಮ್ಮ. ನೀನು ಮೊದಲು ಕೂಗು."