ಸುಡದ ಜ್ವಾಲೆಯೂ ಅವಸರದ ಮಾಸ್ಕೂ

ಗಡಿಯ ಸೇನಾ ಗುಡಾರವೊಂದರಲ್ಲಿ, ಶತ್ರುಗಳು ಸಿಡಿಸಿದ ವಿಷದ ತುಂತುರನ್ನು ಮೈಗೆ ಅಂಟಿಸಿಕೊಂಡ, ವಿಷಗಾಳಿಯಿಂದ ಸೈನಿಕರ ಉಸಿರು ಕಾಯುವ ರಬ್ಬರ್ ಮಾಸ್ಕೊಂದು ಶುದ್ಧಿಗಾಗಿ ಕಾಯುತ್ತಿತ್ತು. ಅದರ ಒಂದು ಕಡೆ ಬ್ಲೀಚಿಂಗ್ ಪೌಡರ್ ಕದಡಿದ ಬಕೆಟ್ ಇತ್ತು. ಇನ್ನೊಂದು ಕಡೆ ಹೊಸದಾಗಿ ಬಂದ ಯಂತ್ರದ ಪ್ಲಾಸ್ಮಾ ಜ್ವಾಲೆ, ಅಂದರೆ ವಿದ್ಯುತ್ತಿನಿಂದ ಹೊಳೆಯುವ ಗಾಳಿ. ನೇರಳೆ ಬಣ್ಣದ ಆ ಜ್ವಾಲೆ ಮುಟ್ಟಿದರೆ ತಣ್ಣಗಿತ್ತು.

"ನನ್ನ ಮುಂದೆ ಸ್ವಲ್ಪ ಹೊತ್ತು ಅಲುಗದೆ ಕೂತಿರು. ವಿಷವನ್ನು ಚೂರುಚೂರು ಮಾಡುತ್ತೇನೆ, ನಿನ್ನ ಮೈಗೆ ಏನೂ ಆಗದು," ಎಂದಿತು ಜ್ವಾಲೆ.

"ಕೂರುವುದಕ್ಕೆ ಪುರುಸೊತ್ತೆಲ್ಲಿದೆ? ದಾಳಿಯ ಸೈರನ್ ಯಾವಾಗ ಕೂಗುತ್ತದೋ," ಎಂದು ಮಾಸ್ಕ್ ಚಡಪಡಿಸಿತು. "ಅಲ್ಲದೆ ಒಂದು ಬೆರಳನ್ನೂ ಸುಡಲಾಗದ ನೀನು ವಿಷವನ್ನೇನು ಸುಡುತ್ತೀ?"

"ಸುಡುವುದಿಲ್ಲ, ಒಡೆಯುತ್ತೇನೆ."

"ನಾನು ಸುಡುತ್ತೇನೆ," ಎಂದಿತು ಬಕೆಟ್. "ಇಷ್ಟು ವರ್ಷ ಇಲ್ಲಿ ಎಲ್ಲರನ್ನೂ ತೊಳೆದವನು ನಾನೇ."

ಮಾಸ್ಕ್ ಬಕೆಟ್ಟಿಗೆ ಧುಮುಕಿತು. ಮೈಯೆಲ್ಲ ಉರಿಯಿತು. "ಹೀಗೆ ಉರಿದರೇನೇ ಕೆಲಸ ಆಗುತ್ತಿದೆ ಅಂತ ಗೊತ್ತಾಗುವುದು," ಎನ್ನುತ್ತಾ ಮತ್ತೆ ಮತ್ತೆ ಮುಳುಗಿತು. ವಿಷವೇನೋ ಹೋಯಿತು. ಆದರೆ ಗದ್ದದ ಬಳಿ ರಬ್ಬರು ಪೆಡಸಾಗಿ, ಕೂದಲೆಳೆಯಷ್ಟು ಸೀಳಿತು.

"ನಿನ್ನ ಗದ್ದ ಸೀಳಿದೆ," ಎಂದಿತು ಜ್ವಾಲೆ.

"ಅದು ಯಾರಿಗೂ ಕಾಣದು," ಎಂದಿತು ಬಕೆಟ್.

ಆಗಲೇ ಸೈರನ್ ಕೂಗಿತು. ಹವಾಲ್ದಾರ್ ಚಂಗಪ್ಪ ಓಡಿಬಂದು ಮಾಸ್ಕನ್ನು ಎತ್ತಿ ಮೂಸಿದ. ಬ್ಲೀಚಿಂಗ್ ವಾಸನೆ ಮೂಗಿಗೆ ಬಡಿಯಿತು.

"ಚೆನ್ನಾಗಿ ತೊಳೆದಿದ್ದಾರೆ," ಎಂದುಕೊಂಡು, ಅದನ್ನು ಮುಖಕ್ಕೆ ಬಿಗಿದು ವಿಷದ ಹೊಗೆಯೊಳಕ್ಕೆ ನಡೆದ.