ಒಲೆಯಿಲ್ಲದೆ ಕುದ್ದ ಕಲ್ಲು

"ದೊರೆಗಳ ಮೂರು ಒಗಟು ಬಿಡಿಸಿದವರು ಬೇಕಾದ್ದು ಕೇಳಬಹುದು. ಒಂದು ತಪ್ಪಿದರೂ ಅಮಾವಾಸ್ಯೆಗೆ ತಲೆ ಹೋಗುತ್ತದೆ!" ಹಿರೇಗಡದಲ್ಲಿ ಹೀಗೆ ಡಂಗುರ ಹೊಡೆದದ್ದೇ ತಡ, ಜನ ಬಂದರು. ತಲೆ ಭಾರವಾದವರಿಗೆ ಯಾವ ಊರಲ್ಲಿ ಬರ ಹೇಳಿ?

ಮೊದಲು ನೆರೆರಾಜ್ಯದ ರಾಜಕುಮಾರ ಬಂದ, ಆಮೇಲೆ ರೇಷ್ಮೆ ವ್ಯಾಪಾರಿಯ ಮಗ. ಇಬ್ಬರೂ ಎರಡನೆಯ ಒಗಟಿಗೇ ಮುಗ್ಗರಿಸಿ ಸೆರೆಮನೆ ಸೇರಿದರು. ಮೂರನೆಯವನು ಓಬಯ್ಯ, ಸವಳು ಮಣ್ಣಿನಿಂದ ಉಪ್ಪು ತೆಗೆಯುವವನು. ಅವನು ಎರಡು ದಾಟಿ ಮೂರನೆಯದಕ್ಕೆ ಬಿದ್ದ.

ಓಬಯ್ಯನ ಅಕ್ಕ ತಿಪ್ಪಕ್ಕನನ್ನು ಸುಣ್ಣ ಸುಡುವವರ ಮನೆಗೆ ಕೊಟ್ಟಿತ್ತು. ಸುದ್ದಿ ಕೇಳಿದವಳೇ ಹೊರಟು ನಿಂತಳು. ಹೋದರೆ ಎರಡು ತಲೆ ಹೋಗುತ್ತವೆ ಎಂದು ಗಂಡ ತಡೆದ. ಹೋಗದಿದ್ದರೆ ಒಂದಂತೂ ಹೋಗುತ್ತದೆ ಎಂದು ಅವಳು ನಡೆದೇಬಿಟ್ಟಳು.

ಸಭೆಯಲ್ಲಿ ರಾಜ ಕೇಳಿದ: "ನೀರಿಗೆ ಹಾಕಿದೆ, ಕಾಣದಾಯಿತು. ಅದು ಇದೆಯೋ, ಇಲ್ಲವೋ?"

"ಉಪ್ಪು, ಬುದ್ಧಿ. ಇದೆ. ನೀರು ಆರಿದರೆ ತಳದಲ್ಲಿ ಕೂತಿರುತ್ತದೆ."

"ಎರಡು ಕಲ್ಲಿನ ನಡುವೆ ಸಿಕ್ಕಿತು, ಇನ್ನು ಮೊದಲಿನಂತೆ ಕೂಡಿಸಲಾಗದು. ಹಾಗಾದರೆ ಅದು ಬೇರೆ ವಸ್ತುವಾಯಿತೆ?" ರಾಜಕುಮಾರನೂ ವ್ಯಾಪಾರಿಯ ಮಗನೂ ಆಯಿತು ಎಂದೇ ಕೆಟ್ಟಿದ್ದರು.

"ರಾಗಿ. ಕಾಳು ಹೋಯಿತು, ರಾಗಿ ಹೋಗಲಿಲ್ಲ. ಹಿಟ್ಟೂ ರಾಗಿಯೇ."

"ಬಿಳಿ ಕಲ್ಲಿಗೆ ನೀರು ಹಾಕಿದೆ. ಒಲೆಯಿಲ್ಲದೆ ಕುದಿಯಿತು, ಹುಡಿಯಾಯಿತು. ಒಣಗಿಸಿದರೆ ಹಳೆಯದೇ ಸಿಕ್ಕೀತೆ?"

ಓಬಯ್ಯ ಸಿಗುತ್ತದೆ ಎಂದಿದ್ದ. ಉಪ್ಪಿನ ಮನೆಯಲ್ಲಿ ಹುಟ್ಟಿದವರಿಗೆ ಇದೊಂದು ಹಟ: ನೀರು ನುಂಗಿದ್ದನ್ನೆಲ್ಲ ಬಿಸಿಲು ವಾಪಸು ಕೊಡುತ್ತದೆ ಎಂದು. ತಿಪ್ಪಕ್ಕನೂ ಹಾಗೇ ನಂಬಿ ಬೆಳೆದವಳು. ಹೊಸದಾಗಿ ಗಂಡನ ಮನೆಗೆ ಬಂದಾಗ ನೆನೆದ ಸುಣ್ಣವನ್ನು ಬಿಸಿಲಿಗೆ ಹರವಿ ಕಾಯುತ್ತ ಕೂತು, ಅತ್ತೆಯ ನಗೆಗೆ ಈಡಾಗಿದ್ದಳು.

"ಸಿಗುವುದಿಲ್ಲ, ಬುದ್ಧಿ. ಅದು ಗೂಡಿನಲ್ಲಿ ಸುಟ್ಟ ಸುಣ್ಣದ ಕಲ್ಲು. ಉಪ್ಪು, ರಾಗಿ ಬರೀ ರೂಪ ಬದಲಿಸಿದವು. ಇಲ್ಲಿ ಕಲ್ಲೂ ನೀರೂ ಕೂಡಿ ಹೊಸ ವಸ್ತುವೇ ಹುಟ್ಟಿತು. ಅದನ್ನು ಒಣಗಿಸಿ ಮತ್ತೆ ನೀರು ಹಾಕಿಸಿ ನೋಡಿ. ಕುದಿಯುವುದಿಲ್ಲ."

ರಾಜ ಎರಡು ಮಡಕೆ ತರಿಸಿದ. ಸುಟ್ಟ ಕಲ್ಲಿದ್ದ ಮಡಕೆ ನೀರು ಬೀಳುತ್ತಲೇ ಬುಸುಗುಟ್ಟಿ ಕೈ ಇಡಲಾಗದಷ್ಟು ಕಾಯಿತು. ಒಣಹುಡಿಯಿದ್ದದ್ದು ತಣ್ಣಗೇ ಉಳಿಯಿತು.

"ಗೆದ್ದೆ. ಏನು ಬೇಕು?"

"ನನ್ನ ತಮ್ಮ."

ರಾಜ ಮುಖ ಗಂಟಿಕ್ಕಿದ. ಕೊಟ್ಟ ಶಿಕ್ಷೆ ಹಿಂದೆಗೆದರೆ ದೊರೆಯ ಮಾತು ಮುರಿದಂತೆ, ಅದೊಂದು ಬಿಟ್ಟು ಬೇರೇನಾದರೂ ಕೇಳು ಎಂದ. ತಿಪ್ಪಕ್ಕ ನಿಂತ ಜಾಗ ಬಿಡಲಿಲ್ಲ.

"ಮುರಿದ ಮಾತಿನ ಬದಲು ಇನ್ನೊಂದು ಮಾತು ಆಡಬಹುದು, ಬುದ್ಧಿ. ಕಡಿದ ತಲೆಯ ಬದಲು ಏನು ಇಡುತ್ತೀರಿ?"

ರಾಜ ತಣ್ಣಗೆ ಕೂತಿದ್ದ ಹುಡಿಯ ಮಡಕೆಯನ್ನು ನೋಡಿದ. ಸೆರೆಯಲ್ಲಿದ್ದ ಮೂವರನ್ನೂ ಬಿಡಿಸಿದ. ಸುಣ್ಣದ ಕಲ್ಲಿನ ಗುಡ್ಡವನ್ನು ಅವಳ ಹೆಸರಿಗೆ ಬರೆಸಿದ.

ಓಬಯ್ಯ ತಲೆ ತಗ್ಗಿಸಿ ಹೊರಬಂದ. ಬರುವ ದಾರಿಯುದ್ದಕ್ಕೂ ಒಂದು ಹನಿ ಕಣ್ಣೀರು ಹಾಕದ ತಿಪ್ಪಕ್ಕ ಅವನ ಕತ್ತನ್ನು ಎರಡೂ ಕೈಯಲ್ಲಿ ಹಿಡಿದು, ಬಿಡದೆ ಅತ್ತಳು.