ನಾಲ್ಕನೆಯ ರೆಕ್ಕೆ

ಮೂವತ್ತು ವರ್ಷ ಬಸ್ಸು ಓಡಿಸಿ ಮನೆಗೆ ಬಂದ ಗದಿಗೆಪ್ಪನಿಗೆ ಅರವತ್ತನೆಯ ವಯಸ್ಸಿನಲ್ಲಿ ವಿಮಾನದ ಹುಚ್ಚು ಹಿಡಿಯಿತು. ನೂರು ವರ್ಷದ ಹಿಂದಿನ ಮರದ ವಿಮಾನ, ಮೇಲೆರಡು ಕೆಳಗೆರಡು ರೆಕ್ಕೆಯದು. ಅದನ್ನು ಅಷ್ಟೇ ಉದ್ದ, ಅಷ್ಟೇ ಅಗಲಕ್ಕೆ ತನ್ನ ಹಿತ್ತಲಿನಲ್ಲಿ ಕಟ್ಟಬೇಕು. ಹಾರಿಸುವುದಕ್ಕಲ್ಲ. ಮನೆಯಲ್ಲೊಂದು ಇರಬೇಕು, ಅಷ್ಟೇ.

ಹುಚ್ಚಿಗೂ ಒಬ್ಬ ಗುರು ಬೇಕಲ್ಲ! ಹೊಳೆಯಾಚೆ ಮೋನಪ್ಪಜ್ಜ ಇದ್ದ. ಹರೆಯದಲ್ಲಿ ವಿಮಾನದ ಶೆಡ್ಡಿನಲ್ಲಿ ಮರಗೆಲಸ ಮಾಡಿದ ಬಡಿಗ. ಈಗ ಎಂಬತ್ತೆರಡು.

"ಕಲಿಸ್ತೀರೇನ್ರಿ ಅಜ್ಜಾರ?"

"ಕಲಿಸ್ತೀನಿ. ಆದ್ರ ಒಂದು ಕರಾರು. ದಿನಾ ಅಂಟು ಕಲಸಿದಾಗ, ಅದ ಅಂಟಿನಿಂದ ಎರಡು ಚೂರು ಕಟ್ಟಿಗಿ ಅಂಟಿಸಿ ಇಡು. ಮ್ಯಾಲೆ ತಾರೀಖು ಬರಿ. ನಾ ಬಂದು ಮುರಿದು ನೋಡ್ತೀನಿ. ಕಟ್ಟಿಗಿ ಹರಿದ್ರ ಅಂಟು ಖರೇ. ಅಂಟು ಬಿಟ್ರ ಆ ದಿನದ ಕೆಲಸ ಎಲ್ಲಾ ಒಲಿಗೆ."

ಆ ಚೂರುಗಳಿಗೆ ಅಜ್ಜ ಸಾಕ್ಷಿ ಎಂದು ಹೆಸರಿಟ್ಟಿದ್ದ. ಸಾಕ್ಷಿಗಳೆಲ್ಲ ಸರಿಯಿದ್ದರೆ ರೆಕ್ಕೆಯೊಳಗಿನ ತೊಲೆಯ ಮೇಲೆ ಪೆನ್ಸಿಲ್ಲಿನಿಂದ ತನ್ನ ಸಹಿ ಹಾಕುತ್ತಿದ್ದ. ನಾಳೆ ಮರದ ಹಂದರಕ್ಕೆ ಬಟ್ಟೆ ಹೊದಿಸಿ ಹೊಲಿದ ಮೇಲೆ ಆ ಸಹಿ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೂ ಗದಿಗೆಪ್ಪನಿಗೆ ಅದೆಂದರೆ ಪ್ರಾಣ. ಬಸ್ಸಿನ ಕೆಲಸದಿಂದ ನಿವೃತ್ತನಾದಾಗ ಹೊದಿಸಿದ ಶಾಲನ್ನು ಎಲ್ಲಿ ಇಟ್ಟಿದ್ದಾನೋ ಅವನಿಗೇ ಗೊತ್ತಿರಲಿಲ್ಲ. ಸಹಿಗಳನ್ನು ಮಾತ್ರ ದಿನಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದ.

ಮೂರು ವರ್ಷದಲ್ಲಿ ಮೂರು ರೆಕ್ಕೆ ಆದವು. ಮೂರು ಸಹಿ ಬಿದ್ದವು.

ನಾಲ್ಕನೆಯದರ ಕಟ್ಟಿಗೆಯೆಲ್ಲ ಕೊಯ್ದು, ಅಂಟಿಸುವುದಷ್ಟೇ ಉಳಿದಾಗ ಗದಿಗೆಪ್ಪನಿಗೆ ತಾಳ್ಮೆ ತೀರಿತು. ಊರಿಗೆಲ್ಲ ಹೇಳಿಬಿಟ್ಟ. "ಬರೋ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ವಿಮಾನಕ್ಕ ಬಟ್ಟಿ ತೊಡಸ್ತೀವಿ. ಹೆಣ್ಮಕ್ಕಳು ಸೂಜಿ ತರ್ರಿ, ಗಂಡಸರು ಹೊಟ್ಟಿ ತರ್ರಿ!"

ಹೇಳಿದ ಮೇಲೆ ಮುಗಿಸಬೇಕಲ್ಲ. ಹಗಲೆಲ್ಲ ದುಡಿದು ಹನ್ನೊಂದೇ ದಿನದಲ್ಲಿ ರೆಕ್ಕೆ ನಿಲ್ಲಿಸಿದ. ಆ ಗಡಿಬಿಡಿಯಲ್ಲಿ ಒಂದು ದಿನವೂ ಸಾಕ್ಷಿ ಇಡಲಿಲ್ಲ. ನೆನಪಾದದ್ದು ಶನಿವಾರ. ತಲೆ ತಲೆ ಚಚ್ಚಿಕೊಂಡ. ಆಮೇಲೆ ಒಂದು ಹಲಗೆ ಕೊಯ್ದು, ಹದವಾಗಿ ಅಂಟು ಕಲಸಿ, ಒಂದೇ ಸಲಕ್ಕೆ ಹನ್ನೊಂದು ಸಾಕ್ಷಿ ಮಾಡಿದ. ಹನ್ನೊಂದು ತಾರೀಖೂ ಬರೆದ.

ಭಾನುವಾರ ಅಜ್ಜ ಬಂದ. ಸಾಕ್ಷಿಗಳನ್ನು ಮುರಿಯಲಿಲ್ಲ. ಕಟ್ಟೆಯ ಮೇಲೆ ಸಾಲಾಗಿ ಇಟ್ಟ, ಹಿಂದುಮುಂದು ಬದಲಿಸಿದ, ಮತ್ತೆ ಇಟ್ಟ. ಮೊದಲನೆಯ ಚೂರಿನಲ್ಲಿ ಹೊರಟ ಮರದ ಗೆರೆ ಎರಡನೆಯದಕ್ಕೆ ದಾಟಿತು, ಅಲ್ಲಿಂದ ಮೂರನೆಯದಕ್ಕೆ. ಎಲ್ಲೂ ತುಂಡಾಗದೆ ಹನ್ನೊಂದನೆಯದರ ತನಕ ನಡೆದುಹೋಯಿತು.

"ಗದಿಗೆಪ್ಪಾ, ಹನ್ನೊಂದೂ ದಿನ ಒಂದ ತಾಯಿ ಮಕ್ಕಳೇನೋ?"

ಗದಿಗೆಪ್ಪನ ಮುಖ ಹುಳಿ ಮಜ್ಜಿಗೆ ಕುಡಿದಂತಾಯಿತು.

"ತಪ್ಪಾತ್ರಿ ಅಜ್ಜಾರ. ಆದ್ರ ಇದೇನು ಹಾರೂದಿಲ್ಲಲ್ರಿ."

"ಹಾರೂದಿಲ್ಲಂತ ನನಗ ಗೊತ್ತು, ನಿನಗ ಗೊತ್ತು. ರೆಕ್ಕಿಗೆ ಹೇಳಿಯೇನು?"

"ಅಂಟು ಚೊಲೋ ಐತ್ರಿ. ನನ್ನ ಕೈ ಮ್ಯಾಲೆ ನನಗ ನಂಬಿಕಿ ಐತಿ."

"ಹಂಗಾದ್ರ ನನ್ನ ಸಹಿ ಯಾಕ ಬೇಕು?"

ಅಜ್ಜ ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು ಎದ್ದ. ಸಿಟ್ಟೇನೂ ಇರಲಿಲ್ಲ.

"ನಾಳಿ ಬರ್ತೀನಿ. ಉಪ್ಪಿಟ್ಟಿಗೆ ಕೈ ಬಿಚ್ಚಿ ಎಣ್ಣಿ ಹಾಕ್ಸು."

ಅವತ್ತು ಊಟಕ್ಕೆ ಕೂತ ಗದಿಗೆಪ್ಪ ಒಂದೇ ರೊಟ್ಟಿಗೆ ಎದ್ದ. ದಿನಾ ಊಟಕ್ಕೆ ನಾಲ್ಕು ತಿನ್ನುವ ಆಸಾಮಿ. ಹೆಂಡತಿ ಶಿವಗಂಗವ್ವ ಕೈ ಹಿಡಿದು ಕೂರಿಸಿದಳು.

"ಏನಾತ್ರಿ?"

"ಏನಿಲ್ಲ."

"ಏನಿಲ್ಲಂದ್ರ ಇನ್ನೊಂದು ತಿನ್ರಿ ನೋಡೋಣು."

ತಿನ್ನಲಾಗಲಿಲ್ಲ. ಎಲ್ಲ ಹೇಳಿದ. ಅವಳು ಕೇಳಿಸಿಕೊಂಡು ಒಂದೇ ಮಾತು ಕೇಳಿದಳು.

"ನಾವು ಬಟ್ಟಿ ಹೊಲದು ಮುಚ್ಚಿದ ಮ್ಯಾಲೆ, ಆ ರೆಕ್ಕಿ ನೋಡಿದಾಗೊಮ್ಮೆ ಹಿಂಗ ಮಾರಿ ಸಣ್ಣದು ಮಾಡ್ಕೊಂಡು ಕೂಡಾವ್ರೇನು?"

ಸೋಮವಾರ ಊರಿಗೆ ಊರೇ ಹಿತ್ತಲಿಗೆ ಬಂತು. ಹೆಂಗಸರು ಸೂಜಿ ತಂದರು, ಗಂಡಸರು ಹೊಟ್ಟೆ ತಂದರು. ಗದಿಗೆಪ್ಪ ನಾಲ್ಕನೆಯ ರೆಕ್ಕೆಯ ಪಕ್ಕ ಉಳಿ, ಮರದ ಕೊಡತಿ ಹಿಡಿದು ನಿಂತಿದ್ದ.

"ಇವತ್ತು ಬಟ್ಟಿ ತೊಡಸೂದಿಲ್ರಿ. ನಾ ಗುರುಗಳಿಗೆ ಸುಳ್ಳು ಸಾಕ್ಷಿ ತೋರಿಸೀನಿ. ಅದಕ್ಕ ಈ ರೆಕ್ಕಿ ಒಡಿಯಾಂವ ಇದೀನಿ."

"ಅಯ್ಯ, ಇಂವಗೇನು ಬಂತವಾ!" ಎಂದು ಹೆಂಗಸರು ಬಾಯಿಗೆ ಸೆರಗು ಹಿಡಿದರು. ಅಜ್ಜ ಮುಂದಿನ ಸಾಲಿನಲ್ಲಿ ಕೂತು ಉಪ್ಪಿಟ್ಟಿನ ತಟ್ಟೆ ಇಸಿದುಕೊಂಡ.

ರೆಕ್ಕೆಯಲ್ಲಿ ಅಂಟು ಹಾಕಿ ಕೂಡಿಸಿದ ಸಂದುಗಳು ನಲವತ್ತನಾಲ್ಕು. ಗದಿಗೆಪ್ಪ ಮೊದಲ ಸಂದಿಗೆ ಉಳಿ ಇಟ್ಟು ಹೊಡೆದ. ಚಟ್ ಅಂತು. ಎತ್ತಿ ನೋಡಿದರೆ ಮರವೇ ಹರಿದಿತ್ತು, ಅಂಟು ಬಿಟ್ಟಿರಲಿಲ್ಲ.

"ಒಂದು!" ಎಂದ ಅಜ್ಜ.

ಎರಡನೆಯದೂ ಹಾಗೇ. ಮೂರನೆಯದೂ. ಹತ್ತಕ್ಕೆ ಬರುವಷ್ಟರಲ್ಲಿ ಊರೆಲ್ಲ ಸೇರಿ ಎಣಿಸತೊಡಗಿತ್ತು. ಇಪ್ಪತ್ತಕ್ಕೆ ಸಿಳ್ಳೆ. ಮೂವತ್ತಕ್ಕೆ ಹೆಂಗಸರೂ ಎದ್ದು ನಿಂತರು. "ನಲವತ್ತನಾಲ್ಕು!" ಎಂದು ಕೂಗಿದಾಗ ಹೊಳೆಯಾಚೆಯ ನಾಯಿಗಳು ಬೊಗಳಿದವು. ಒಂದೂ ಸಂದು ಬಿಟ್ಟಿರಲಿಲ್ಲ. ರೆಕ್ಕೆ ಮಾತ್ರ ಇರಲಿಲ್ಲ.

ಗದಿಗೆಪ್ಪ ಸೌದೆಯ ರಾಶಿಯ ಮೇಲೆ ದೊಪ್ಪನೆ ಕೂತ. ನಗು ಬರುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು.

"ಅಜ್ಜಾರ! ನಲವತ್ತನಾಲ್ಕಕ್ಕ ನಲವತ್ತನಾಲ್ಕೂ ಖರೇನ ಇದ್ವಲ್ರಿ! ಅಷ್ಟು ಚೊಲೋ ರೆಕ್ಕಿ ಸುಮ್‌ಸುಮ್ಕ ಮುರಿದ್ನೆಲ್ರಿ! ನಿನ್ನಿನ ಒಂದು ಸಹಿ ಹಾಕಿದ್ರ ನಿಮ್ದೇನು ಹೋಗ್ತಿತ್ತು?"

ಅಜ್ಜ ತಟ್ಟೆ ಕೆಳಗಿಟ್ಟು ಅವನ ಪಕ್ಕಕ್ಕೆ ಬಂದು ಕೂತ.

"ಚೊಲೋ ಇತ್ತಂತ ನಿನಗ ಯಾವಾಗ ಗೊತ್ತಾತೋ?"